1971ರ ಅನಿಮೇಷನ್ ‘ಎ ಕ್ರಿಸ್‌ಮಸ್ ಕ್ಯಾರಲ್’: ಮಕ್ಕಳ ಜೊತೆ ನೋಡುವಾಗ ಆ ಇಬ್ಬರು ಮಕ್ಕಳ ದೃಶ್ಯವನ್ನು ಬಿಟ್ಟು ಮುಂದೆ ಹೋಗಬೇಕೇ?

ಹೊಂಗೆನೆರಳು

ಬಳಗದ ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಮನೆಮಂದಿಯೆಲ್ಲ ಕೂಡಿ ನೋಡಬಹುದಾದ ಅನಿಮೇಷನ್ ಚಿತ್ರಗಳು ಯಾವುವು ಎಂದು ಇಲ್ಲಿ ಹಲವರು ಕೇಳಿದ್ದಿರಿ. ನಾನು ಪಟ್ಟಿ ಕೊಡುವುದಿಲ್ಲ. ಒಂದೇ ಚಿತ್ರದ ಬಗ್ಗೆ, ಅದರಲ್ಲೂ ಒಂದೇ ದೃಶ್ಯದ ಬಗ್ಗೆ ಬರೆದು ನಿಮ್ಮ ಅಭಿಪ್ರಾಯವನ್ನು ಕೇಳಬೇಕೆಂದಿದ್ದೇನೆ.

ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯನ್ನು ರಿಚರ್ಡ್ ವಿಲಿಯಮ್ಸ್ ಸುಮಾರು 25 ನಿಮಿಷಗಳ ಅನಿಮೇಷನ್ ಚಿತ್ರವನ್ನಾಗಿ ಮಾಡಿದರು. ಅಮೆರಿಕದ ಎಬಿಸಿ ವಾಹಿನಿ ಅದನ್ನು 1971ರ ಡಿಸೆಂಬರ್ 21ರಂದು ಹಬ್ಬದ ವಿಶೇಷ ಕಾರ್ಯಕ್ರಮವಾಗಿ ಪ್ರಸಾರ ಮಾಡಿತು. ಕಥೆ ಬಹುತೇಕರಿಗೆ ಗೊತ್ತಿರುವುದೇ. ಲಂಡನ್ನಿನ ಜಿಪುಣ ವ್ಯಾಪಾರಿ ಎಬೆನೀಜರ್ ಸ್ಕ್ರೂಜ್‌ನ ಬಳಿಗೆ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಸತ್ತು ಏಳು ವರ್ಷವಾಗಿರುವ ಅವನ ಪಾಲುದಾರ ಮಾರ್ಲಿ ಸರಪಳಿ ಎಳೆದುಕೊಂಡು ಬರುತ್ತಾನೆ. ಅವನ ಬೆನ್ನಿಗೆ ಈ ಲೋಕದವರಲ್ಲದ ಮೂವರು ಒಬ್ಬೊಬ್ಬರಾಗಿ ಬಂದು ಸ್ಕ್ರೂಜ್‌ಗೆ ಕಳೆದುಹೋದದ್ದನ್ನು, ಈಗ ನಡೆಯುತ್ತಿರುವುದನ್ನು, ಮುಂದೆ ಬರಲಿರುವುದನ್ನು ತೋರಿಸುತ್ತಾರೆ. ಬೆಳಗಾಗುವಷ್ಟರಲ್ಲಿ ಅವನು ಬೇರೆ ಮನುಷ್ಯನಾಗಿರುತ್ತಾನೆ.

ನಾನು ಹೇಳುತ್ತಿರುವ ದೃಶ್ಯ ಎರಡನೆಯವನ ಭೇಟಿಯ ಕೊನೆಯಲ್ಲಿದೆ. ವರ್ತಮಾನದ ಆ ಮಹಾಕಾಯನ ನಿಲುವಂಗಿಯ ಅಂಚಿನಿಂದ ಎಲುಬು ಹಂದರದಂತಿರುವ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ ಹೊರಬರುತ್ತಾರೆ. ಹುಡುಗನ ಹೆಸರು ಅಜ್ಞಾನ, ಹುಡುಗಿಯ ಹೆಸರು ಕೊರತೆ. ಕಳೆದ ವರ್ಷ ನಮ್ಮ ಮನೆಯಲ್ಲಿ ಈ ಚಿತ್ರ ಹಾಕಿದಾಗ, ಮಕ್ಕಳು ಹೆದರುತ್ತಾರೆ ಎಂದು ಹಿರಿಯರೊಬ್ಬರು ಈ ದೃಶ್ಯ ಬಂದೊಡನೆ ಚಿತ್ರವನ್ನು ಮುಂದಕ್ಕೆ ಓಡಿಸಿದರು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಅಂದು ಚಿತ್ರ ಮುಗಿದ ಮೇಲೆ ನನ್ನ 10 ವರ್ಷದ ಮಗ, ‘ಸ್ಕ್ರೂಜ್ ಯಾಕೆ ಬದಲಾದ? ಸಾಯುತ್ತೇನೆ ಅಂತ ಹೆದರಿದ್ದಕ್ಕಾ?’ ಎಂದು ಕೇಳಿದ. ನನಗೆ ಉತ್ತರ ಕೊಡಲಾಗಲಿಲ್ಲ, ಏಕೆಂದರೆ ನಾವು ನೋಡಿದಷ್ಟು ಚಿತ್ರದಲ್ಲಿ ಅದಕ್ಕಿಂತ ಬೇರೆ ಕಾರಣ ಉಳಿದೇ ಇರಲಿಲ್ಲ.

ಮೂಲ ಕಥೆಯನ್ನು ಮತ್ತೆ ಓದಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು. ಕಥೆಯ ಆರಂಭದಲ್ಲಿ ಬಡವರಿಗಾಗಿ ಚಂದಾ ಎತ್ತಲು ಬಂದವರಿಗೆ ಸ್ಕ್ರೂಜ್, ಸೆರೆಮನೆಗಳಿಲ್ಲವೇ, ವರ್ಕ್‌ಹೌಸ್‌ಗಳಿಲ್ಲವೇ (ಬಡವರನ್ನು ಇರಿಸಿಕೊಂಡು ದುಡಿಸುತ್ತಿದ್ದ ಮನೆಗಳು) ಎಂದು ಕೇಳುತ್ತಾನೆ. ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದೇ ಲೇಸೆಂದು ಎಷ್ಟೋ ಜನ ಭಾವಿಸುತ್ತಾರೆ ಎಂದು ಅವರು ಹೇಳಿದಾಗ, ಹಾಗಾದರೆ ಸಾಯಲಿ, ಹೆಚ್ಚಾಗಿರುವ ಜನಸಂಖ್ಯೆಯಾದರೂ ಕಡಿಮೆಯಾಗಲಿ ಎನ್ನುತ್ತಾನೆ. ಡಿಕನ್ಸ್ ಈ ಎರಡೂ ಮಾತುಗಳನ್ನು ಅವನಿಗೇ ಮರಳಿ ಒಪ್ಪಿಸುತ್ತಾನೆ. ತನ್ನ ಗುಮಾಸ್ತನ ಕಾಯಿಲೆಯ ಮಗ ಪುಟ್ಟ ಟಿಮ್ ಬದುಕುತ್ತಾನೆಯೇ ಎಂದು ಸ್ಕ್ರೂಜ್ ಕೇಳಿದಾಗ ಜನಸಂಖ್ಯೆಯ ಮಾತು ತಿರುಗಿ ಬರುತ್ತದೆ. ಈ ಇಬ್ಬರು ಮಕ್ಕಳಿಗೆ ಎಲ್ಲಿಯೂ ಆಸರೆಯಿಲ್ಲವೇ ಎಂದು ಅವನು ಕೇಳಿದಾಗ, ಸೆರೆಮನೆಗಳಿಲ್ಲವೇ, ವರ್ಕ್‌ಹೌಸ್‌ಗಳಿಲ್ಲವೇ ಎಂಬ ಅವನದೇ ಪ್ರಶ್ನೆ ಅವನ ಎದುರು ಬಂದು ನಿಲ್ಲುತ್ತದೆ. ಅಂದರೆ ಈ ದೃಶ್ಯವನ್ನು ಕಿತ್ತುಹಾಕಿದರೆ ಮೊದಲ ದೃಶ್ಯದ ಪ್ರಶ್ನೆಗೆ ಉತ್ತರವೇ ಇಲ್ಲದಂತಾಗುತ್ತದೆ. ಮೂರನೆಯವನು ತೋರಿಸುವ ತನ್ನದೇ ಸಮಾಧಿಯ ಮುಂದೆ ಸ್ಕ್ರೂಜ್ ನಡುಗುವುದು ಇದೆಲ್ಲ ಆದ ಮೇಲೆ. ತಾನು ಆಡಿದ ಮಾತನ್ನು ತಾನೇ ಕೇಳಿಸಿಕೊಂಡವನ ನಡುಕ ಅದು. ಮಕ್ಕಳಿಗೆ ಈ ಕಥೆ ‘ದಾನ ಮಾಡದಿದ್ದರೆ ನೀನು ಸಾಯುತ್ತೀಯೆ’ ಎಂಬ ಬೆದರಿಕೆಯಾಗಿ ಮುಟ್ಟಬಾರದು ಎಂಬುದು ನನ್ನ ಕಳಕಳಿ.

ಈ ವರ್ಷ ಮಗನಿಗೂ ತಂಗಿಯ ಏಳು ವರ್ಷದ ಮಗಳಿಗೂ ಚಿತ್ರವನ್ನು ಪೂರ್ತಿಯಾಗಿ ತೋರಿಸಿದೆ. ನಿಮ್ಮ ಮನೆಗಳಲ್ಲಿ ಏನು ಮಾಡಿದ್ದೀರಿ ಎಂದು ತಿಳಿಯುವ ಆಸೆಯಿದೆ.

ಗೆರೆಗಾರ

ಹೊಂಗೆನೆರಳು ಅವರೇ, ಬಹಳ ದಿನಗಳ ಮೇಲೆ ಈ ಚಿತ್ರದ ಹೆಸರನ್ನು ಕನ್ನಡದಲ್ಲಿ ಓದಿ ಸಂತೋಷವಾಯಿತು. ನಾನು ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ ಮಾಡುವವನು. ನಿಮ್ಮ ಪ್ರಶ್ನೆಗೆ ಬರುವ ಮೊದಲು ಆ ದೃಶ್ಯ ಅಷ್ಟು ಬಲವಾಗಿ ತಟ್ಟುವುದೇಕೆ ಎಂಬುದನ್ನು ಕಸುಬಿನ ಕಡೆಯಿಂದ ಹೇಳಬೇಕೆನಿಸಿತು.

ಸಾಮಾನ್ಯವಾಗಿ ಟಿವಿಗಾಗಿ ಮಾಡುವ ಅನಿಮೇಷನ್‌ನಲ್ಲಿ ಪಾತ್ರದ ಹೊರಗೆರೆ ಸರಳವಾಗಿರುತ್ತದೆ, ಒಳಗೆ ಸಮತಟ್ಟಾದ ಬಣ್ಣವಿರುತ್ತದೆ. ಗೆರೆ ಕಡಿಮೆಯಿದ್ದಷ್ಟೂ ಕೆಲಸ ಬೇಗ ಸಾಗುತ್ತದೆ. ವಿಲಿಯಮ್ಸ್ ಇದಕ್ಕೆ ತೀರಾ ವಿರುದ್ಧವಾದ ದಾರಿ ಹಿಡಿದರು. 1843ರ ಮೊದಲ ಮುದ್ರಣಕ್ಕೆ ಜಾನ್ ಲೀಚ್ ಎಂಟು ಚಿತ್ರಗಳನ್ನು ಬರೆದಿದ್ದ. ನಾಲ್ಕು ಕೈಯಿಂದ ಬಣ್ಣ ಹಾಕಿದ ಲೋಹದ ಅಚ್ಚುಗಳು, ನಾಲ್ಕು ಮರದ ಅಚ್ಚುಗಳು. ಆ ಕಾಲದ ಅಚ್ಚುಚಿತ್ರಗಳಲ್ಲಿ ನೆರಳೆಂದರೆ ಒತ್ತೊತ್ತಾಗಿ ಎಳೆದ ಅಡ್ಡಗೆರೆಗಳೇ. ಆ ಅಡ್ಡಗೆರೆಗಳನ್ನೇ ವಿಲಿಯಮ್ಸ್ ಚಲಿಸುವಂತೆ ಮಾಡಿದರು. ಇದನ್ನು ಹೇಳುವುದು ಸುಲಭ, ಮಾಡುವುದು ಎಂಥ ಶ್ರಮ ಎಂಬುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಸೆಕೆಂಡಿಗೆ 24 ಫ್ರೇಮ್‌ಗಳಂತೆ 25 ನಿಮಿಷಕ್ಕೆ 36,000 ಫ್ರೇಮ್‌ಗಳಾಗುತ್ತವೆ. ನಮ್ಮಲ್ಲಿ ‘ಆನ್ ಟೂಸ್’ ಎನ್ನುವ ರೂಢಿಯಂತೆ ಒಂದು ಚಿತ್ರವನ್ನು ಎರಡು ಫ್ರೇಮ್‌ಗಳಿಗೆ ಬಳಸಿದರೂ 18,000 ಚಿತ್ರಗಳು ಬೇಕು. ಒಂದೇ ಫ್ರೇಮಿನಲ್ಲಿ ಇಬ್ಬರು ಮೂವರು ಚಲಿಸುವಲ್ಲಿ ಪ್ರತಿಯೊಬ್ಬರಿಗೂ ಬೇರೆ ಚಿತ್ರ ಬೇಕು. ಅಂಥ ಒಂದೊಂದು ಚಿತ್ರದಲ್ಲೂ ಕೆನ್ನೆಯ ಗುಳಿಗೆ, ಕೋಟಿನ ಮಡಿಕೆಗೆ, ಬೆರಳಿನ ಗಿಣ್ಣಿಗೆ ಹತ್ತಾರು ಅಡ್ಡಗೆರೆಗಳನ್ನು ಹಿಂದಿನ ಚಿತ್ರಕ್ಕೆ ಹೊಂದುವಂತೆ ಎಳೆಯಬೇಕು. ಎಷ್ಟೇ ಎಚ್ಚರದಿಂದ ಎಳೆದರೂ ಅವು ಸ್ವಲ್ಪ ನಡುಗಿಯೇ ನಡುಗುತ್ತವೆ. ಈ ಚಿತ್ರದಲ್ಲಿ ಆ ನಡುಕವೇ ಒಂದು ಗುಣವಾಗಿದೆ. ಮೋಂಬತ್ತಿಯ ಬೆಳಕಿನಲ್ಲಿ ಹಳೆಯ ಪುಸ್ತಕದ ಪುಟವೊಂದು ಉಸಿರಾಡಿದಂತೆ ಕಾಣುತ್ತದೆ.

ಅಜ್ಞಾನ ಮತ್ತು ಕೊರತೆಯ ದೃಶ್ಯದಲ್ಲಿ ಇದೇ ಅಡ್ಡಗೆರೆಗಳು ಪಕ್ಕೆಲುಬುಗಳಾಗುತ್ತವೆ. ದುಂಡುಮುಖದ, ಸಮತಟ್ಟು ಬಣ್ಣದ ಪಾತ್ರಗಳಿಂದ ಹಸಿವನ್ನು ತೋರಿಸುವುದು ಬಹಳ ಕಷ್ಟ. ಇಲ್ಲಿ ಶೈಲಿಯೇ ಆ ಹಸಿವನ್ನು ಹೊತ್ತುಕೊಂಡಿದೆ.

ವಿಲಿಯಮ್ಸ್‌ಗೆ ಈ ಕೆಲಸ ಬಂದದ್ದೂ ಇಂಥ ಗೆರೆಗಳ ದೆಸೆಯಿಂದಲೇ. 1968ರ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಎಂಬ ಯುದ್ಧಚಿತ್ರದ ನಡುನಡುವೆ ಅವರು ವಿಕ್ಟೋರಿಯಾ ಕಾಲದ ವ್ಯಂಗ್ಯಚಿತ್ರಗಳ ಧಾಟಿಯಲ್ಲಿ ಅನಿಮೇಷನ್ ತುಣುಕುಗಳನ್ನು ಮಾಡಿದ್ದರು. ಡಿಕನ್ಸ್ ಕಥೆಯ ಕಾರ್ಯಕಾರಿ ನಿರ್ಮಾಪಕರಾಗಿದ್ದ ಚಕ್ ಜೋನ್ಸ್ ಸ್ವತಃ ಹೆಸರಾಂತ ಅನಿಮೇಷನ್ ನಿರ್ದೇಶಕರು. 1966ರಲ್ಲಿ ಡಾಕ್ಟರ್ ಸ್ಯೂಸ್ ಅವರ ಗ್ರಿಂಚ್ ಕಥೆಯನ್ನು ಕ್ರಿಸ್‌ಮಸ್ ವಿಶೇಷವಾಗಿ ಟಿವಿಗೆ ತಂದವರು. ವಾರ್ನರ್ ಬ್ರದರ್ಸ್‌ನಲ್ಲಿ ಜೋನ್ಸ್ ಅವರ ಜೊತೆ ದಶಕಗಳ ಕಾಲ ದುಡಿದ ಕೆನ್ ಹ್ಯಾರಿಸ್ ಈ ಚಿತ್ರದ ಹಿರಿಯ ಅನಿಮೇಟರ್. ತಮಗಿಂತ ತುಂಬ ಹಿರಿಯರಾದ ಹ್ಯಾರಿಸ್ ಅವರನ್ನು ವಿಲಿಯಮ್ಸ್ ಲಂಡನ್ನಿಗೆ ಕರೆಸಿಕೊಂಡು ಅವರಿಂದ ಕಲಿತರು ಎಂಬುದು ನಮ್ಮ ಕಸುಬಿನವರಿಗೆ ಇಂದಿಗೂ ದೊಡ್ಡ ಪಾಠ.

ಇನ್ನು ನಿಮ್ಮ ಪ್ರಶ್ನೆ. ದೃಶ್ಯವನ್ನು ಓಡಿಸಬಾರದು. ಅದನ್ನು ಗೆರೆ ಗೆರೆಯಾಗಿ ಕಟ್ಟಿದವರ ಶ್ರಮಕ್ಕಾಗಿ ಮಾತ್ರವಲ್ಲ, ನೀವು ಹೇಳಿದ ಕಾರಣಕ್ಕಾಗಿಯೂ.

ಪುಟ್ಟಿಯಮ್ಮ

ನಿಮ್ಮಿಬ್ಬರ ಬರಹವನ್ನೂ ಗೌರವದಿಂದ ಓದಿದೆ. ಆದರೂ ನನ್ನ ಭಿನ್ನಾಭಿಪ್ರಾಯವನ್ನು ಹೇಳಲೇಬೇಕು.

ನನ್ನ ಮಗಳಿಗೆ ಆರು ವರ್ಷ. ‘ಕುಟುಂಬದೊಂದಿಗೆ ನೋಡುವ ಹಬ್ಬದ ಚಿತ್ರ’ ಎಂಬ ಮಾತನ್ನು ನಂಬಿ ನಾನು ಈ ಚಿತ್ರವನ್ನು ಹಾಕಿದೆ. ನಾವು ಆ ಇಬ್ಬರು ಮಕ್ಕಳ ದೃಶ್ಯದವರೆಗೆ ತಲುಪಲೇ ಇಲ್ಲ. ಮಾರ್ಲಿ ತಲೆಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ, ಅವನ ದವಡೆ ಕಳಚಿದಂತೆ ಎದೆಯವರೆಗೆ ಇಳಿಬಿದ್ದಾಗ ಮಗಳು ಚೀರಿಕೊಂಡಳು. ಎರಡು ರಾತ್ರಿ ದೀಪ ಆರಿಸಲು ಬಿಡಲಿಲ್ಲ. ಬಡವರ ಬಗ್ಗೆ ಕರುಣೆ ಕಲಿಸಲು ಹೊರಟವಳು ಅವಳಿಗೆ ಕತ್ತಲೆಯ ಭಯವನ್ನು ಕಲಿಸಿದೆನಲ್ಲ ಎಂದು ನನಗೆ ಬಹಳ ಬೇಸರವಾಯಿತು.

ಆಮೇಲೆ 1983ರಲ್ಲಿ ಡಿಸ್ನಿಯವರು ಮಿಕ್ಕಿ ಮೌಸ್ ಬಳಗವನ್ನಿಟ್ಟುಕೊಂಡು ಮಾಡಿದ ಇದೇ ಕಥೆಯನ್ನು ತೋರಿಸಿದೆ. ಅಲ್ಲಿ ಮಾರ್ಲಿಯ ಪಾತ್ರವನ್ನು ಗೂಫಿ ಮಾಡುತ್ತಾನೆ, ಸ್ಕ್ರೂಜ್ ಬಾತುಕೋಳಿಯಾಗಿದ್ದಾನೆ. ಮಗಳು ನಕ್ಕಳು, ಪುಟ್ಟ ಟಿಮ್‌ಗಾಗಿ ಮರುಗಿದಳು, ಕೊನೆಯಲ್ಲಿ ಸಂತೋಷಪಟ್ಟಳು. ಅದೂ ಸುಮಾರು ಇಷ್ಟೇ ಅವಧಿಯ ಚಿತ್ರ. ಅಜ್ಞಾನ, ಕೊರತೆ ಎಂಬ ಮಕ್ಕಳು ಅಲ್ಲಿಲ್ಲ. ಇಲ್ಲದ್ದರಿಂದ ಅವಳಿಗೆ ಏನು ನಷ್ಟವಾಯಿತು? ಎಲ್ಲವನ್ನೂ ಒಂದೇ ವಯಸ್ಸಿಗೆ, ಒಂದೇ ಸಂಜೆಗೆ ತಿಳಿಸಿಬಿಡಬೇಕೆಂಬ ಆತುರ ನಮಗೇಕೆ ಎಂಬುದು ನನ್ನ ಪ್ರಶ್ನೆ.

ಯಾರ್ಕ್‌ಷೈರ್ ಕನ್ನಡಿಗ

ಪುಟ್ಟಿಯಮ್ಮ ಅವರ ಪ್ರಶ್ನೆ ನ್ಯಾಯವಾದದ್ದು. ಆರು ವರ್ಷದ ಮಗುವಿಗೆ ಈ ಚಿತ್ರ ಬೇಡ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ದೃಶ್ಯ ಇಲ್ಲದಿದ್ದರೆ ಏನು ನಷ್ಟ ಎಂಬುದಕ್ಕೆ, ಈ ಕಥೆ ಹುಟ್ಟಿದ ನಾಡಿನಲ್ಲಿ ಹನ್ನೊಂದು ವರ್ಷಗಳಿಂದ ಇರುವ ಕನ್ನಡಿಗನಾಗಿ ಸ್ವಲ್ಪ ಹಿನ್ನೆಲೆ ಕೊಡುತ್ತೇನೆ.

ಮೊದಲು ವರ್ಕ್‌ಹೌಸ್ ಎಂದರೇನು ಎಂಬುದು. 1834ರಲ್ಲಿ ಇಂಗ್ಲೆಂಡಿನಲ್ಲಿ ಬಡವರ ಕಾನೂನನ್ನು ತಿದ್ದಿ, ನೆರವು ಬೇಕೆನ್ನುವ ದುಡಿಯಬಲ್ಲ ಬಡವರು ಸರ್ಕಾರದ ವರ್ಕ್‌ಹೌಸ್ ಸೇರಬೇಕೆಂಬ ನೀತಿಯನ್ನು ತಂದರು. ಅಲ್ಲಿನ ಬದುಕು ಹೊರಗಿನ ಅತಿ ಕಡುಬಡವನ ಬದುಕಿಗಿಂತಲೂ ಕಠಿಣವಾಗಿರಬೇಕು, ಹಾಗಿದ್ದರೆ ಮಾತ್ರ ಯಾರೂ ಸುಮ್ಮನೆ ಬರುವುದಿಲ್ಲ ಎಂಬುದು ಅದರ ಹಿಂದಿನ ಬಹಿರಂಗ ತತ್ವ. ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆ ಭಾಗಗಳಲ್ಲಿ ಇಡುತ್ತಿದ್ದರು. ಸ್ಕ್ರೂಜ್ ‘ವರ್ಕ್‌ಹೌಸ್‌ಗಳಿಲ್ಲವೇ’ ಎಂದಾಗ ಅವನು ಒಬ್ಬ ವಿಚಿತ್ರ ಮುದುಕನಾಗಿ ಮಾತನಾಡುತ್ತಿಲ್ಲ, ತನ್ನ ಕಾಲದ ಗೌರವಸ್ಥರು ಒಪ್ಪಿದ್ದ ನೀತಿಯನ್ನೇ ಹೇಳುತ್ತಿದ್ದಾನೆ.

1843ರ ಆರಂಭದಲ್ಲಿ ಗಣಿ ಮತ್ತು ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಕುರಿತ ಸರ್ಕಾರಿ ಆಯೋಗದ ವರದಿಯೊಂದನ್ನು ಡಿಕನ್ಸ್ ಓದಿದ. ಬಡವನ ಮಗುವಿನ ಪರವಾಗಿ ಇಂಗ್ಲೆಂಡಿನ ಜನರಿಗೆ ಒಂದು ಕರಪತ್ರವನ್ನು ಬರೆಯಬೇಕೆಂದುಕೊಂಡು, ಕೆಲವೇ ದಿನಗಳಲ್ಲಿ ಅದನ್ನು ಮುಂದೂಡಿ, ವರ್ಷದ ಕೊನೆಯಲ್ಲಿ ಅದಕ್ಕಿಂತ ಇಪ್ಪತ್ತು ಪಟ್ಟು ಬಲವಾದ ಏಟು ಕೊಡುವುದಾಗಿ ಆಯೋಗದ ಸದಸ್ಯರೊಬ್ಬರಿಗೆ ಪತ್ರ ಬರೆದ. ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿದ್ದ, ಹರಕುಬಟ್ಟೆಯ ಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಗೆ ಹೋದ. ಅಕ್ಟೋಬರ್ 5ರಂದು ಮ್ಯಾಂಚೆಸ್ಟರಿನಲ್ಲಿ ದುಡಿಯುವ ಜನರ ಶಿಕ್ಷಣದ ಬಗ್ಗೆ ಭಾಷಣ ಮಾಡಿದ. ಆಮೇಲೆ ಸುಮಾರು ಆರು ವಾರಗಳಲ್ಲಿ ಈ ಪುಸ್ತಕವನ್ನು ಬರೆದು ಮುಗಿಸಿದ. ಡಿಸೆಂಬರ್ 19ರಂದು ಬಂದ 6,000 ಪ್ರತಿಗಳು ಕ್ರಿಸ್‌ಮಸ್‌ಗೆ ಮೊದಲೇ ಖರ್ಚಾದವು. ಹೀಗೆ ನೋಡಿದರೆ ಆ ಇಬ್ಬರು ಮಕ್ಕಳು ಕಥೆಯ ನಡುವೆ ಸೇರಿಕೊಂಡ ಒಂದು ಭಯಾನಕ ದೃಶ್ಯವಲ್ಲ. ಅವರಿಗಾಗಿಯೇ ಕಥೆ ಹುಟ್ಟಿದ್ದು. ಬರೆಯದೆ ಉಳಿದ ಆ ಕರಪತ್ರ ಇರುವುದು ಅಲ್ಲಿಯೇ.

ಇದರ ಹಿಂದೆ ಲೇಖಕನ ಸ್ವಂತ ನೋವೂ ಇತ್ತು. 1824ರಲ್ಲಿ ಸಾಲ ತೀರಿಸಲಾಗದೆ ಅವನ ತಂದೆ ಮಾರ್ಷಲ್‌ಸೀ ಸೆರೆಮನೆ ಸೇರಿದಾಗ, 12 ವರ್ಷದ ಚಾರ್ಲ್ಸ್ ಬೂಟುಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ.

ಇನ್ನೊಂದು ಸಂಗತಿ ನನ್ನನ್ನು ಸದಾ ಕಾಡುತ್ತದೆ. ಸ್ಕ್ರೂಜ್‌ನ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಸಂಬಳ ವಾರಕ್ಕೆ 15 ಶಿಲ್ಲಿಂಗ್. ಈ ಪುಸ್ತಕದ ಬೆಲೆ 5 ಶಿಲ್ಲಿಂಗ್ ಇತ್ತು. ಎಂದರೆ ಬಾಬ್ ತನ್ನದೇ ಕಥೆಯನ್ನು ಕೊಂಡು ಓದಬೇಕಾದರೆ ವಾರದ ದುಡಿಮೆಯ ಮೂರನೇ ಒಂದು ಭಾಗವನ್ನು ಕೊಡಬೇಕಾಗಿತ್ತು. ಮುಂದೆ ಡಿಕನ್ಸ್ 1853ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಇದನ್ನು ಸಾರ್ವಜನಿಕವಾಗಿ ಓದಿದಾಗ, ಒಂದು ಸಂಜೆಯನ್ನು ದುಡಿಯುವ ಜನರಿಗಾಗಿಯೇ ಕಡಿಮೆ ದರದಲ್ಲಿ ಮೀಸಲಿಡಿಸಿದ. ನನ್ನ ದೃಷ್ಟಿಯಲ್ಲಿ ಟಿವಿಯ ವಿಶೇಷ ಕಾರ್ಯಕ್ರಮವೂ ಅದೇ ದಾರಿಯ ಮುಂದುವರಿಕೆ. ಪುಸ್ತಕ ಕೊಳ್ಳಲಾಗದ ಮನೆಗೂ ಅದು ತಲುಪುತ್ತದೆ.

ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬಹುತೇಕ ರೂಪಾಂತರಗಳು ಕೈಬಿಡುವ ಇನ್ನೊಂದು ಭಾಗ. ವರ್ತಮಾನದವನು ಸ್ಕ್ರೂಜ್‌ನನ್ನು ಬರಡು ಬಯಲಿನ ಗಣಿಗಾರರ ಗುಡಿಸಲಿಗೆ, ಸಮುದ್ರದ ನಡುವಿನ ದೀಪಸ್ತಂಭಕ್ಕೆ, ಅಲೆಗಳ ಮೇಲಿನ ಹಡಗಿಗೆ ಹಾರಿಸಿಕೊಂಡು ಹೋಗುತ್ತಾನೆ. ಕಥೆಗೆ ಅಲ್ಲಿ ಯಾವ ತಿರುವೂ ಸಿಗುವುದಿಲ್ಲ, ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಆದರೆ ಲಂಡನ್ನಿನ ಒಂದು ಕೋಣೆಯಲ್ಲಿ ಮುದುಡಿ ಕೂತ ಮನುಷ್ಯನಿಗೆ ಲೋಕ ಎಷ್ಟು ದೊಡ್ಡದು ಎಂದು ತೋರಿಸಲು ಅದಕ್ಕಿಂತ ಬೇರೆ ಏನು ಬೇಕು?

ಹೊಂಗೆನೆರಳು

ಯಾರ್ಕ್‌ಷೈರ್ ಕನ್ನಡಿಗ ಅವರಿಗೆ ಕೃತಜ್ಞತೆಗಳು. ಪುಸ್ತಕದ ಬೆಲೆಯ ಸಂಗತಿಯನ್ನು ನಾನು ಹೀಗೆ ಲೆಕ್ಕಹಾಕಿ ನೋಡಿರಲೇ ಇಲ್ಲ.

ಪುಟ್ಟಿಯಮ್ಮ, ನಿಮ್ಮ ಮಗಳ ಎರಡು ರಾತ್ರಿಗಳ ಬಗ್ಗೆ ಓದಿ ಮನಸ್ಸಿಗೆ ಕಷ್ಟವಾಯಿತು. ನಾನು ವಯಸ್ಸಿನ ಮಾತನ್ನು ಮೊದಲೇ ಬರೆಯಬೇಕಾಗಿತ್ತು. ಆದರೆ ಒಂದು ಮಾತು. ಭಯ ಇಲ್ಲ ಎಂಬ ಕಾರಣಕ್ಕೆ ನೀವು ಆರಿಸಿದ 1983ರ ಚಿತ್ರದಲ್ಲೂ ಭಯವಿದೆ. ಅದರ ಕೊನೆಯಲ್ಲಿ ಸ್ಕ್ರೂಜ್ ತೆರೆದ ಸಮಾಧಿಗೆ ಬೀಳುತ್ತಾನೆ, ಕೆಳಗೆ ಶವಪೆಟ್ಟಿಗೆಯೊಳಗಿಂದ ಬೆಂಕಿ ಉಗುಳುತ್ತದೆ. ಎಂದರೆ ಅಲ್ಲಿ ತೆಗೆದುಹಾಕಿದ್ದು ಭಯವನ್ನಲ್ಲ. ಸ್ಕ್ರೂಜ್‌ಗೆ ತನ್ನ ಬಗ್ಗೆ ಆಗುವ ಭಯವನ್ನು ಉಳಿಸಿಕೊಂಡು, ಬೇರೆಯವರ ಮಕ್ಕಳ ಬಗ್ಗೆ ಆಗಬೇಕಾದ ಭಯವನ್ನು ಬಿಟ್ಟಿದ್ದಾರೆ. ನನ್ನ ಮಗನ ಪ್ರಶ್ನೆ ಹುಟ್ಟುವುದು ಈ ಜಾಗದಿಂದಲೇ.

ಕಡಲತಡಿ

ನಾನು ಉಡುಪಿ ಕಡೆಯವನು. ಈ ಚರ್ಚೆಯಲ್ಲಿ ಎಲ್ಲರೂ ‘ಅವನು’, ‘ಮಹಾಕಾಯ’ ಎಂದು ಸುತ್ತುಬಳಸಿ ಬರೆಯುತ್ತಿರುವುದನ್ನು ಗಮನಿಸಿದೆ. ಆ ಮೂವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ದೆವ್ವ ಎಂದರೆ ಮಕ್ಕಳಿಗೆ ಹುಣಸೆಮರದ ದೆವ್ವ ನೆನಪಾಗುತ್ತದೆ. ಪ್ರೇತ ಎಂದರೆ ಸತ್ತವರ ವಿಷಯವಾಗುತ್ತದೆ. ಮಾರ್ಲಿಗೆ ಅದು ಸರಿ, ಉಳಿದ ಮೂವರು ಯಾವ ಸತ್ತ ಮನುಷ್ಯರೂ ಅಲ್ಲ.

ನನಗೆ ತೋಚುವ ಪದ ‘ಭೂತ’. ಕನ್ನಡದಲ್ಲಿ ಇದಕ್ಕೊಂದು ಸೊಗಸಾದ ಅನುಕೂಲವಿದೆ. ಕಳೆದುಹೋದ ಕಾಲವನ್ನು ನಾವು ಭೂತಕಾಲ ಎನ್ನುತ್ತೇವೆ. ಮೊದಲು ಬರುವವನು ಆ ಹೆಸರಿನ ಎರಡೂ ಅರ್ಥದಲ್ಲಿ ಭೂತ. ಆಗಿಹೋದದ್ದು ಮತ್ತು ಕಾಡುವಂಥದ್ದು ಎರಡಕ್ಕೂ ಒಂದೇ ಮಾತಿರುವ ಭಾಷೆಯಲ್ಲಿ ಈ ಕಥೆಯನ್ನು ಹೇಳುವ ಭಾಗ್ಯ ಎಲ್ಲರಿಗೂ ಇಲ್ಲ.

ಅದಕ್ಕಿಂತ ಮುಖ್ಯವಾದದ್ದು, ನಮ್ಮ ಕರಾವಳಿಯಲ್ಲಿ ಭೂತವೆಂದರೆ ಓಡಿಸಬೇಕಾದ ಪೀಡೆಯಲ್ಲ. ಕೋಲ ನಡೆಯುವ ರಾತ್ರಿ ಭೂತ ಮನೆಯ ಯಜಮಾನನನ್ನು ಎದುರು ನಿಲ್ಲಿಸಿಕೊಂಡು ನುಡಿ ಕೊಡುತ್ತದೆ. ಮಾತು ತಪ್ಪಿದ್ದರೆ ಎಲ್ಲರೆದುರು ಕೇಳುತ್ತದೆ, ಹಂಚಬೇಕಾದದ್ದನ್ನು ಹಂಚದಿದ್ದರೆ ಗದರಿಸುತ್ತದೆ, ಕೊನೆಗೆ ಅಭಯವನ್ನೂ ಕೊಡುತ್ತದೆ. ಸಣ್ಣವನಿದ್ದಾಗ ನಾನು ಅಜ್ಜಿಯ ಸೆರಗು ಹಿಡಿದುಕೊಂಡು, ದೊಂದಿಯ ಬೆಳಕಿನಲ್ಲಿ ಆ ಬಣ್ಣ ಹಚ್ಚಿದ ಮುಖವನ್ನು ನೋಡಿ ನಡುಗಿದ್ದೇನೆ. ಆದರೆ ಅದು ನಮ್ಮದೇ, ನಮ್ಮ ಒಳಿತಿಗಾಗಿಯೇ ಗದರುತ್ತಿದೆ ಎಂಬುದು ಆ ನಡುಕದ ಒಳಗೇ ಗೊತ್ತಿರುತ್ತಿತ್ತು. ಅಜ್ಜಿ ಪಕ್ಕದಲ್ಲಿದ್ದದ್ದು ಅದಕ್ಕೆ ಕಾರಣ. ಆದ್ದರಿಂದ ಮಕ್ಕಳಿಗೆ ಈ ಚಿತ್ರವನ್ನು ತೋರಿಸಬೇಕೇ ಎಂಬುದಕ್ಕಿಂತ, ತೋರಿಸುವಾಗ ಯಾರ ಸೆರಗು ಅವರ ಕೈಯಲ್ಲಿರುತ್ತದೆ ಎಂಬುದೇ ದೊಡ್ಡ ಪ್ರಶ್ನೆ ಎಂದು ನನಗನಿಸುತ್ತದೆ.

ಗೆರೆಗಾರ

ಕಡಲತಡಿ ಅವರ ಮಾತು ಓದಿ ಮೊದಲನೆಯ ಭೂತದ ಬಗ್ಗೆ ಒಂದಿಷ್ಟು ಹೇಳದೆ ಇರಲಾಗುತ್ತಿಲ್ಲ. ಡಿಕನ್ಸ್ ಅದನ್ನು ವರ್ಣಿಸಿರುವ ರೀತಿ ಬಹಳ ವಿಚಿತ್ರವಾಗಿದೆ. ಅದು ಮಗುವಿನಂತೆಯೂ ಇದೆ, ಮುದುಕನಂತೆಯೂ ಇದೆ. ತಲೆಯಿಂದ ಬೆಳಕು ಚಿಮ್ಮುತ್ತದೆ. ಒಮ್ಮೆ ಒಂದು ಕೈ, ಒಮ್ಮೆ ಒಂದು ಕಾಲು, ಮತ್ತೊಮ್ಮೆ ಇಪ್ಪತ್ತು ಕಾಲುಗಳಾಗಿ ಅದರ ಆಕಾರ ಮಿನುಗುತ್ತ ಕರಗುತ್ತ ಇರುತ್ತದೆ. ನಟರನ್ನಿಟ್ಟುಕೊಂಡು ತೆಗೆದ ಚಿತ್ರಗಳು ಇದನ್ನು ತೋರಿಸಲಾಗದೆ ಬಿಳಿ ಬಟ್ಟೆಯ ವ್ಯಕ್ತಿಯೊಬ್ಬರನ್ನು ನಿಲ್ಲಿಸಿ ಮುಂದೆ ಹೋಗುತ್ತವೆ. ವಿಲಿಯಮ್ಸ್ ಆ ವಾಕ್ಯವನ್ನು ಅಕ್ಷರಶಃ ಚಿತ್ರಿಸಿದರು. ಮುಖದ ಮೇಲೆ ಮುಖ ಮೂಡಿ ಮಾಸುತ್ತದೆ, ಕೈಗಳು ಹಲವಾಗಿ ಮತ್ತೆ ಒಂದಾಗುತ್ತವೆ. ನೆನಪಿನ ಆಕಾರ ಹಾಗೆಯೇ ಅಲ್ಲವೇ? ಅಮ್ಮನ ಮುಖವನ್ನು ನೆನೆದರೆ ನನಗೆ ಒಂದೇ ವಯಸ್ಸಿನ ಮುಖ ಬರುವುದಿಲ್ಲ.

ಧ್ವನಿಗಳ ಬಗ್ಗೆಯೂ ಯಾರೂ ಹೇಳಲಿಲ್ಲ. ಸ್ಕ್ರೂಜ್‌ಗೆ ಧ್ವನಿ ಕೊಟ್ಟ ಅಲಸ್ಟೇರ್ ಸಿಮ್ 1951ರ ಕಪ್ಪುಬಿಳುಪು ಚಿತ್ರದಲ್ಲಿ ಅದೇ ಪಾತ್ರವನ್ನು ಮಾಡಿದ್ದರು. ಮಾರ್ಲಿಯ ಧ್ವನಿಯಾದ ಮೈಕೆಲ್ ಹಾರ್ಡರ್ನ್ ಕೂಡ ಆ ಚಿತ್ರದ ಮಾರ್ಲಿಯೇ. ಇಪ್ಪತ್ತು ವರ್ಷಗಳ ಅನಂತರ ಇಬ್ಬರೂ ಅದೇ ಮಾತುಗಳಿಗೆ ಮರಳಿದರು. ನಿರೂಪಣೆ ಮೈಕೆಲ್ ರೆಡ್‌ಗ್ರೇವ್ ಅವರದು. ಪುಟ್ಟ ಟಿಮ್‌ಗೆ ಧ್ವನಿ ಕೊಟ್ಟ ಬಾಲಕ ನಿರ್ದೇಶಕರ ಮಗ ಅಲೆಕ್ಸಾಂಡರ್ ವಿಲಿಯಮ್ಸ್.

ಟಿವಿಯಲ್ಲಿ ಬಂದ ಮೇಲೆ ಚಿತ್ರಮಂದಿರದಲ್ಲೂ ಬಿಡುಗಡೆಯಾದ್ದರಿಂದ ಅದು ಆಸ್ಕರ್‌ಗೆ ಅರ್ಹವಾಗಿ, 1972ರ ಸಾಲಿನ ಅನಿಮೇಷನ್ ಕಿರುಚಿತ್ರ ಪ್ರಶಸ್ತಿಯನ್ನು ಪಡೆಯಿತು. ಟಿವಿಗಾಗಿ ಮಾಡಿದ್ದಕ್ಕೆ ಆಸ್ಕರ್ ಹೇಗೆ ಎಂದು ಕೆಲವರು ಆಕ್ಷೇಪಿಸಿದರು. ಟಿವಿಯಲ್ಲಿ ಮೊದಲು ಪ್ರಸಾರವಾದದ್ದು ಸ್ಪರ್ಧೆಗೆ ಬಾರದಂತೆ ಅಕಾಡೆಮಿ ಬಳಿಕ ತನ್ನ ನಿಯಮವನ್ನು ಬದಲಿಸಿತು.

ತಂಬೂರಿ

ಕಥೆಯ ವಿಷಯದಲ್ಲಿ ನನ್ನದೊಂದು ಪ್ರಶ್ನೆ. ಒಂದೇ ರಾತ್ರಿಯಲ್ಲಿ ಜಿಪುಣ ಬದಲಾಗುವುದು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಪುರಂದರದಾಸರ ಪೂರ್ವಾಶ್ರಮದ ಶ್ರೀನಿವಾಸನಾಯಕ. ಪರಂಪರೆ ಹೇಳುವಂತೆ, ಮಗನ ಉಪನಯನಕ್ಕೆಂದು ಹಣ ಬೇಡಿ ಬಂದ ಬಡ ಬ್ರಾಹ್ಮಣನನ್ನು ತಿಂಗಳುಗಟ್ಟಲೆ ಅಲೆಸಿ ಬರಿಗೈಯಲ್ಲಿ ಕಳಿಸಿದ ಆ ಲೇವಾದೇವಿಗಾರ, ಹೆಂಡತಿಯ ಮೂಗುತಿಯ ಪ್ರಸಂಗದಲ್ಲಿ ಕಣ್ಣುತೆರೆದು ಸರ್ವಸ್ವವನ್ನೂ ದಾನಮಾಡಿ ತಂಬೂರಿ ಹಿಡಿದು ಹೊರಟ. ಸ್ಕ್ರೂಜ್‌ನ ಬದಲಾವಣೆ ಇದರ ಮುಂದೆ ನನಗೆ ಸ್ವಲ್ಪ ಅಗ್ಗವಾಗಿ ಕಾಣುತ್ತದೆ. ಅವನು ಕ್ರ್ಯಾಚಿಟ್ ಮನೆಗೆ ದೊಡ್ಡದೊಂದು ಟರ್ಕಿ ಕೋಳಿ ಕಳಿಸುತ್ತಾನೆ, ಸಂಬಳ ಹೆಚ್ಚಿಸುತ್ತಾನೆ, ಆದರೆ ವ್ಯಾಪಾರಿಯಾಗಿಯೇ ಉಳಿಯುತ್ತಾನೆ. ಅಜ್ಞಾನ, ಕೊರತೆಯಂಥ ಮಕ್ಕಳನ್ನು ಕಂಡವನಿಗೆ ಇಷ್ಟೇ ಸಾಕೇ?

ಹೊಂಗೆನೆರಳು

ತಂಬೂರಿ ಅವರೇ, ನಿಮ್ಮ ಪ್ರಶ್ನೆಯನ್ನು ಎರಡು ದಿನ ಯೋಚಿಸಿದ ಮೇಲೆ ಬರೆಯುತ್ತಿದ್ದೇನೆ. ದಾಸರದು ವೈರಾಗ್ಯದ ದಾರಿ. ಅವರಿಗೆ ಹಣದ ಬಂಧವೇ ಕಳಚಬೇಕಾಗಿತ್ತು. ಸ್ಕ್ರೂಜ್‌ಗೆ ಕಳಚಬೇಕಾದದ್ದು ಬೇರೆಯವರ ಮನೆಯೊಳಗೆ ಏನಾಗುತ್ತಿದೆ ಎಂದು ತಿಳಿಯದಿರುವ ಹಠ. ಅವನು ಎಲ್ಲವನ್ನೂ ಬಿಟ್ಟು ಹೊರಟಿದ್ದರೆ ಕ್ರ್ಯಾಚಿಟ್‌ಗೆ ಮರುದಿನ ಕೆಲಸವೇ ಇರುತ್ತಿರಲಿಲ್ಲ. ಅವನು ಉಳಿದು, ಅದೇ ಕಚೇರಿಯಲ್ಲಿ, ಅದೇ ಗುಮಾಸ್ತನ ಎದುರು ಕುಳಿತು, ದಿನವೂ ಬೇರೆಯಾಗಿ ಬದುಕಬೇಕಾಗಿತ್ತು. ಗೃಹಸ್ಥರಾದ ನಮಗೆ ಈ ದಾರಿ ಹೆಚ್ಚು ಹತ್ತಿರದ್ದು, ಮತ್ತು ಸುಲಭವಾದದ್ದೇನೂ ಅಲ್ಲ.

ಆದರೂ ನೀವು ಕೇಳಿದ ‘ಇಷ್ಟೇ ಸಾಕೇ’ ಎಂಬ ಪ್ರಶ್ನೆ ಸರಿಯಾಗಿದೆ, ಮತ್ತು ಅದನ್ನು ಕೇಳಲು ನಮಗೆ ಸಾಧ್ಯವಾಗಿರುವುದೇ ಆ ದೃಶ್ಯದಿಂದ. ಟಿಮ್ ಒಬ್ಬನ ಕಷ್ಟವನ್ನು ಸ್ಕ್ರೂಜ್ ತೀರಿಸಬಲ್ಲ. ಆ ಇಬ್ಬರು ಮಕ್ಕಳು ಯಾರ ಮನೆಯವರೂ ಅಲ್ಲ. ಅವರು ಮನುಷ್ಯರ ಮಕ್ಕಳು ಎಂದಷ್ಟೇ ಭೂತ ಹೇಳುತ್ತದೆ. ಅವರು ಏನಾದರು ಎಂದು ಡಿಕನ್ಸ್ ಹೇಳುವುದೇ ಇಲ್ಲ. ಟಿಮ್‌ನ ಕಥೆಗೆ ಸುಖದ ಕೊನೆ ಇದೆ, ಅವರದಕ್ಕೆ ಇಲ್ಲ. ಅವರನ್ನು ತೆಗೆದುಹಾಕಿದರೆ ಒಂದು ಕೋಳಿಯಿಂದ ಎಲ್ಲವೂ ಸರಿಹೋಯಿತು ಎಂದು ಮಕ್ಕಳು ನಂಬಿಬಿಡುತ್ತಾರೆ.

ಬೇರೆ ಒಂದು ವಿಷಯ. ಡಿಕನ್ಸ್ ಈ ಪುಸ್ತಕದ ಐದು ಅಧ್ಯಾಯಗಳನ್ನು ಅಧ್ಯಾಯ ಎಂದು ಕರೆಯದೆ, ಹಾಡಿನ ಚರಣ ಎಂಬ ಅರ್ಥದ ಹೆಸರಿನಿಂದ ಕರೆದಿದ್ದಾನೆ; ಕ್ಯಾರಲ್ ಎಂದರೆ ಹಾಡು ತಾನೇ. ದೇವರನಾಮದ ಚರಣಕ್ಕೆ ನಮ್ಮಲ್ಲಿ ‘ನುಡಿ’ ಎನ್ನುತ್ತೇವೆ. ಕಡಲತಡಿ ಅವರು ಭೂತ ಕೊಡುವ ‘ನುಡಿ’ಯ ಬಗ್ಗೆ ಬರೆದಾಗ ನನಗೆ ರೋಮಾಂಚನವಾಯಿತು. ಮಕ್ಕಳಿಗೆ ಕಥೆ ಹೇಳುವಾಗ ಇನ್ನು ಮುಂದೆ ನಾನು ಐದು ನುಡಿಗಳ ಕಥೆ ಎಂದೇ ಹೇಳುತ್ತೇನೆ. ಸ್ಕ್ರೂಜ್‌ನ ‘ಬಾ, ಹಂಬಗ್!’ ಎಂಬ ಹೆಸರಾಂತ ಉದ್ಗಾರಕ್ಕೆ ‘ಥೂ, ಬೂಟಾಟಿಕೆ!’ ಎಂದು ಬಳಸಿದ್ದೇನೆ. ಹಬ್ಬದ ಸಂತೋಷವೆಲ್ಲ ಬರೀ ಸೋಗು ಎಂಬ ಅವನ ಅರ್ಥ ಅದರಲ್ಲಿ ಪೂರ್ತಿಯಾಗಿ ಬರುತ್ತದೆ.

ಪುಟ್ಟಿಯಮ್ಮ

ಒಂದು ವಾರದಿಂದ ಈ ಚರ್ಚೆಯನ್ನು ಓದುತ್ತಿದ್ದೇನೆ. ಮಗಳಿಗೆ 1971ರ ಚಿತ್ರವನ್ನು ಮತ್ತೆ ಹಾಕಿಲ್ಲ, ಇನ್ನೆರಡು ಮೂರು ವರ್ಷ ಹಾಕುವುದೂ ಇಲ್ಲ. ಆದರೆ ನಿನ್ನೆ ರಾತ್ರಿ ದೀಪ ಆರಿಸುವ ಮೊದಲು ಕಥೆಯನ್ನು ಬಾಯಲ್ಲಿ ಹೇಳಿದೆ. ಕ್ರ್ಯಾಚಿಟ್ ಮನೆಯಲ್ಲಿ ಒಲೆ ಸಾಲದೆ ಹಬ್ಬದ ಹೆಬ್ಬಾತನ್ನು ಬೇಕರಿಯವನ ಒಲೆಯಲ್ಲಿ ಬೇಯಿಸಿಕೊಂಡು ಬರುವುದು, ಬಟ್ಟೆ ಕುದಿಸುವ ಹಂಡೆಯಲ್ಲೇ ಪುಡ್ಡಿಂಗ್ ಬೇಯುವುದು, ಇವೆಲ್ಲ ಅವಳಿಗೆ ಬಹಳ ಹಿಡಿಸಿದವು. ಆ ಇಬ್ಬರು ಮಕ್ಕಳ ಭಾಗ ಬಂದಾಗ ಬಿಡದೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು.

‘ಕೊರತೆ’ ಎಂಬ ಹೆಸರು ಅವಳಿಗೆ ಅರ್ಥವಾಗಲಿಲ್ಲ. ದಾರಿದ್ರ್ಯ, ಅಭಾವ ಎಂಬ ಪದಗಳು ಇನ್ನೂ ದೂರದವು. ಹಾಗಾಗಿ ನಾನು ಹುಡುಗನನ್ನು ಅಕ್ಷರವಿಲ್ಲದವನು, ಹುಡುಗಿಯನ್ನು ಅನ್ನವಿಲ್ಲದವಳು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರಿಗೆ ಅಮ್ಮ ಇಲ್ವಾ?’ ಎಂದು ಕೇಳಿದಳು. ಕಥೆಯಲ್ಲಿ ಹೇಳಿಲ್ಲ ಎಂದೆ.

ಹೊಂಗೆನೆರಳು

ಪುಟ್ಟಿಯಮ್ಮ, ಅಕ್ಷರವಿಲ್ಲದವನು, ಅನ್ನವಿಲ್ಲದವಳು. ಇದಕ್ಕಿಂತ ಸರಿಯಾದ ಕನ್ನಡ ನನಗೆ ಹೊಳೆದಿರಲಿಲ್ಲ. ಇಬ್ಬರಲ್ಲಿ ಹುಡುಗನ ಬಗ್ಗೆಯೇ ಹೆಚ್ಚು ಎಚ್ಚರವಾಗಿರಬೇಕು ಎಂದು ಭೂತ ಹೇಳುತ್ತದಲ್ಲ, ಅದು ಏಕೆಂದು ನನ್ನ ಮಗನಿಗೆ ವಿವರಿಸಲು ಒದ್ದಾಡುತ್ತಿದ್ದೆ. ಈ ಹೆಸರುಗಳನ್ನು ಹೇಳಿದ ಮೇಲೆ ಅವನೇ, ‘ಅಕ್ಷರ ಇಲ್ಲದಿದ್ದರೆ ಮುಂದೆ ಅನ್ನವೂ ಇರಲ್ಲ’ ಎಂದ. ಭಾನುವಾರ ತಂಗಿಯ ಮನೆಯಲ್ಲಿ ಚಿತ್ರವನ್ನು ಮತ್ತೊಮ್ಮೆ ಹಾಕಲಿದ್ದೇವೆ. ಕಳೆದ ವರ್ಷ ಅದನ್ನು ಮುಂದಕ್ಕೆ ಓಡಿಸಿದ ಹಿರಿಯರೂ ಬರುತ್ತಾರೆ, ಈ ಬಾರಿ ಅವರ ಪಕ್ಕದಲ್ಲೇ ಕುಳಿತುಕೊಳ್ಳುವುದಾಗಿ ಮಗ ಹೇಳಿದ್ದಾನೆ.